ಏಳು ಸ್ಪೇಡಿನ ಭಾನುವಾರ

ನಾನು ಮೂವತ್ತು ವರ್ಷ ಗಣಿತ ಕಲಿಸಿದವನು. ಸಿಟ್ಟಿನ ಮನುಷ್ಯ ಅಂತ ಹೆಸರು. ಮಕ್ಕಳು ತಪ್ಪು ಲೆಕ್ಕ ಮಾಡಿದರೆ ಸೀಮೆಸುಣ್ಣ ಎಸೆಯುತ್ತಿದ್ದೆ, ಐದು ನಿಮಿಷಕ್ಕೆ ಸಿಟ್ಟು ಇಳಿದುಹೋಗುತ್ತಿತ್ತು. ಇಳಿಯದೆ ಉಳಿದ ಸಿಟ್ಟು ಒಂದೇ ಒಂದು, ಅದು ನನ್ನ ಮೇಲೆ ನನಗಿರುವುದು. ಅದು ಹುಟ್ಟಿದ್ದು ಚಿಕ್ಕಬಳ್ಳಾಪುರದ ಕ್ಲಬ್ಬಿನ ಇಸ್ಪೀಟು ಮೇಜಿನ ಮುಂದೆ, ಐವತ್ತರ ದಶಕ ಮುಗಿಯುತ್ತ ಬಂದಿದ್ದಾಗ.

ಕ್ಲಬ್ಬು ಅಂದರೆ ದೊಡ್ಡದೇನಲ್ಲ. ಹೆಂಚಿನ ಮನೆ, ನಾಲ್ಕು ಮೇಜು, ಕಾಲು ಅಲುಗಾಡುವ ಕುರ್ಚಿಗಳು, ಕಿಟಕಿಯಿಂದ ನೋಡಿದರೆ ನಂದಿಬೆಟ್ಟ. ಡಾಕ್ಟರು, ವಕೀಲರು, ತಾಲ್ಲೂಕು ಕಚೇರಿಯವರು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಅಲ್ಲಿಗೆ ಬರುತ್ತಿದ್ದರು. ಆಡುತ್ತಿದ್ದದ್ದು ಬ್ರಿಜ್. ಗೌರಿಬಿದನೂರಿನಿಂದ, ಚಿಂತಾಮಣಿಯಿಂದ ಕೂಡ ಆಗಾಗ ಜನ ಬರುತ್ತಿದ್ದರು.

ಆ ಆಟ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ, ಮೇಷ್ಟ್ರ ಚಾಳಿ. ನಾಲ್ವರು ಕೂರುತ್ತಾರೆ, ಎದುರುಬದುರು ಕೂತವರು ಜೊತೆಗಾರರು. ತಲೆಗೆ ಹದಿಮೂರು ಎಲೆ. ನಾಲ್ವರೂ ಒಂದೊಂದು ಎಲೆ ಇಳಿಸಿದರೆ ಒಂದು ಪಟ್ಟು, ಆದ್ದರಿಂದ ಗೆಲ್ಲುವ ಪಟ್ಟುಗಳೂ ಹದಿಮೂರು. ಎಲೆ ಇಳಿಸುವ ಮೊದಲು ಹರಾಜು ನಡೆಯುತ್ತದೆ, ನಾವಿಬ್ಬರೂ ಸೇರಿ ಇಷ್ಟು ಗೆಲ್ಲುತ್ತೇವೆ ಅಂತ ಕೂಗಬೇಕು. ಅಂಕಿಯ ಜೊತೆಗೆ ತುರುಫು ಯಾವುದು ಎಂದೂ ಹೇಳಬೇಕು, ತುರುಫು ಬೇಡವಾದರೆ ನೋ ಟ್ರಂಪ್. ಮೊದಲ ಆರು ಪಟ್ಟು ಕೂಗಿಗೆ ಸೇರುವುದಿಲ್ಲ. ಹಾಗಾಗಿ ಏಳು ಎಂದು ಕೂಗಿದರೆ ಹದಿಮೂರಕ್ಕೆ ಹದಿಮೂರೂ ನಮ್ಮದೇ ಎಂದು ಮಾತು ಕೊಟ್ಟಂತೆ. ಅದಕ್ಕೆ ಗ್ರ್ಯಾಂಡ್ ಸ್ಲ್ಯಾಮ್ ಅನ್ನುತ್ತಾರೆ. ಒಂದು ಪಟ್ಟು ತಪ್ಪಿದರೂ ಎಲ್ಲ ಮಣ್ಣುಪಾಲು. ಜೊತೆಗಾರನ ಎಲೆ ನನಗೆ ಕಾಣುವುದಿಲ್ಲ, ಅವನ ಬಾಯಿಂದ ಬರುವ ಕೂಗಿನಿಂದಲೇ ತಿಳಿದುಕೊಳ್ಳಬೇಕು. ಕೆಮ್ಮಿ, ಕಣ್ಣು ಮಿಟುಕಿಸಿ, ಬೆರಳು ಆಡಿಸಿ ತಿಳಿಸಿದರೆ ಅದು ಮೋಸ.

ನಮ್ಮ ಕ್ಲಬ್ಬಿನಲ್ಲಿ ಏಳು ಕೂಗಿ ಗೆದ್ದವರು ಯಾರೂ ಇರಲಿಲ್ಲ. ಆರಕ್ಕೇ ಎಲ್ಲರೂ ನಿಂತುಬಿಡುತ್ತಿದ್ದರು. ನನಗೆ ಅದನ್ನು ಕಂಡರೆ ರೇಗುತ್ತಿತ್ತು. ಇದರಲ್ಲಿ ಧೈರ್ಯದ ಮಾತೇನು ಬಂತು, ಪ್ರಶ್ನೆ ಕೇಳುವ ವಿಧಾನ ಇದೆಯಲ್ಲ ಎಂದು ವಾದಿಸುತ್ತಿದ್ದೆ. ನಾಲ್ಕು ನೋ ಟ್ರಂಪ್ ಎಂದರೆ, ಅಯ್ಯಾ ನಿನ್ನ ಹತ್ತಿರ ಎಷ್ಟು ಎಕ್ಕ ಇವೆ ಎಂದು ಕೇಳಿದಂತೆ. ಐದು ಡೈಮಂಡ್ ಅಂದರೆ ಒಂದು, ಐದು ಹಾರ್ಟ್ ಅಂದರೆ ಎರಡು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಉತ್ತರ. ನಾಲ್ಕು ಎಕ್ಕವೂ ನಮ್ಮಲ್ಲೇ ಇವೆ ಎಂದು ಗೊತ್ತಾದ ಮೇಲೆ ಐದು ನೋ ಟ್ರಂಪ್ ಎಂದರೆ, ರಾಜರು ಎಷ್ಟು ಎಂಬ ಪ್ರಶ್ನೆ. ಅದಕ್ಕೂ ಅದೇ ಕ್ರಮದಲ್ಲಿ ಆರರ ಮೆಟ್ಟಿಲಿನ ಉತ್ತರ. ಇದರಲ್ಲಿ ಗುಟ್ಟಿಲ್ಲ, ಎದುರಾಳಿ ಕೇಳಿದರೆ ಅರ್ಥ ಬಿಡಿಸಿ ಹೇಳಲೇಬೇಕು. ಎಕ್ಕದ ಪ್ರಶ್ನೆ ನಮ್ಮವರಿಗೆ ಗೊತ್ತಿತ್ತು. ರಾಜರ ಪ್ರಶ್ನೆಯನ್ನು ನಾನು ಪುಸ್ತಕ ಓದಿ ಕಲಿತಿದ್ದೆ, ಬೇರೆಯವರು ತಲೆಕೆಡಿಸಿಕೊಂಡಿರಲಿಲ್ಲ.

ಅದನ್ನು ನನ್ನಿಂದ ಕಲಿತವರು ಒಬ್ಬರೇ. ಅವರು ಶಿಡ್ಲಘಟ್ಟದ ರೇಷ್ಮೆಗೂಡಿನ ದಲ್ಲಾಳಿ, ಹಿಪ್ಪುನೇರಳೆ ತೋಟವಿದ್ದ ಹಳೆಯ ಮನೆತನದವರು, ನನಗಿಂತ ಹತ್ತು ವರ್ಷ ದೊಡ್ಡವರು. ಓದಿದ್ದು ಕಡಿಮೆ, ಆದರೆ ಒಮ್ಮೆ ಬಿದ್ದ ಎಲೆಯನ್ನು ಮರೆಯುತ್ತಿರಲಿಲ್ಲ. ಭಾನುವಾರ ಆ ಸಣ್ಣ ಹಳಿಯ ರೈಲಿನಲ್ಲಿ ಬರುತ್ತಿದ್ದರು. ಅದು ಎಷ್ಟು ನಿಧಾನವೆಂದರೆ ಇಳಿದು ಕಡಲೆಕಾಯಿ ಕೊಂಡು ಮತ್ತೆ ಹತ್ತಬಹುದು ಎಂದು ಅವರೇ ನಗುತ್ತಿದ್ದರು. ನನಗಿಂತ ದೊಡ್ಡವರಾಗಿದ್ದರೂ ನನ್ನನ್ನು ಸಾರ್ ಅಂತಲೇ ಕರೆಯುತ್ತಿದ್ದರು. ಒಂದು ನೋಟ್‌ಬುಕ್ಕಿನಲ್ಲಿ ನಾನು ಬರೆದುಕೊಟ್ಟ ಮೆಟ್ಟಿಲುಗಳನ್ನು ರೈಲಿನಲ್ಲಿ ಬಾಯಿಪಾಠ ಮಾಡಿಕೊಂಡು ಬರುತ್ತಿದ್ದರು.

ಅವರ ಕಸುಬಿನಲ್ಲಿ ಒಂದು ಪದ್ಧತಿಯಿತ್ತು. ಗೂಡು ಮಾರುವವನೂ ಕೊಳ್ಳುವವನೂ ಒಂದು ಟವಲಿನ ಕೆಳಗೆ ಕೈ ಹಿಡಿದುಕೊಳ್ಳುತ್ತಾರೆ. ಬೆರಳು ಒತ್ತಿ ಬೆಲೆ ಹೇಳುವುದು, ಬೆರಳು ಒತ್ತಿ ಬೇಡ ಅನ್ನುವುದು. ಸುತ್ತ ನಿಂತ ಜನಕ್ಕೆ ಏನೂ ಗೊತ್ತಾಗುವುದಿಲ್ಲ. ಮೂವತ್ತು ವರ್ಷ ಹಾಗೆ ಮಾತಾಡಿದ ಬೆರಳುಗಳು ಸುಮ್ಮನೆ ಇರುತ್ತವೆಯೇ? ಆರು ತಿಂಗಳು ಜೊತೆ ಆಡುವಷ್ಟರಲ್ಲಿ ನನಗೆ ಗೊತ್ತಾಯಿತು: ಎರಡು ಎಕ್ಕ ಬಂದಿದ್ದರೆ ಅವರ ಬಲಗೈಯ ಎರಡು ಬೆರಳು ಮೇಜಿನ ಮೇಲೆ ತಾವಾಗಿಯೇ ಮಡಚಿಕೊಳ್ಳುತ್ತಿದ್ದವು. ಅವರಿಗೆ ಅದರ ಪರಿವೆಯೇ ಇರಲಿಲ್ಲ.

ಒಂದು ದಿನ ಸ್ಟೇಷನ್ನಿಗೆ ನಡೆದು ಹೋಗುವಾಗ ಅದನ್ನು ಹೇಳಿದೆ. ಅವರು ದಾರಿಯಲ್ಲೇ ನಿಂತುಬಿಟ್ಟರು.

"ಅಯ್ಯೋ ರಾಮ! ಹಂಗಾದ್ರೆ ನಾನು ಮೋಸ ಮಾಡ್ತಿದ್ನಾ ಸಾರ್?"

"ಬೇಕೂಂತ ಮಾಡಿದ್ರೆ ಮೋಸ. ಇದು ಚಟ."

"ಎಂತದೋ ಒಂದು. ನಿಮಗೆ ಕಾಣಿಸ್ತಲ್ಲ, ಅದು ತಪ್ಪು. ನಾಳೆಯಿಂದ ಆಡೋದೇ ಬೇಡಪ್ಪ."

ಅಂಥ ಜೊತೆಗಾರನನ್ನು ಕಳೆದುಕೊಳ್ಳಲು ನಾನು ತಯಾರಿರಲಿಲ್ಲ. ನಗುತ್ತ ಹೇಳಿದೆ, "ಹೆಗಲ ಮೇಲೆ ಟವಲ್ ಇದೆಯಲ್ಲ, ಕೈಗೆ ಸುತ್ಕೊಂಡ್ಬಿಡಿ. ನನಗೂ ಕಾಣಲ್ಲ, ದೇವರಿಗೂ ಕಾಣಲ್ಲ."

ತಮಾಷೆಗೆ ಅಂದದ್ದು. ಅವರು ಅದನ್ನು ವ್ರತದಂತೆ ಹಿಡಿದರು. ಮುಂದಿನ ಭಾನುವಾರದಿಂದ ಹರಾಜು ಮುಗಿಯುವವರೆಗೆ ಎಡಗೈಯಲ್ಲಿ ಎಲೆ, ಬಲಗೈಗೆ ದಪ್ಪ ಟವಲು. ಆಟ ಶುರುವಾದ ಮೇಲೆಯೇ ಬಿಚ್ಚುತ್ತಿದ್ದರು. ಡಾಕ್ಟರು, "ಏನ್ರೀ, ಕೈಗೆ ಚಳಿಯಾ?" ಎಂದು ಕಿಚಾಯಿಸುತ್ತಿದ್ದರು. ಇವರು ನಕ್ಕುಬಿಡುತ್ತಿದ್ದರು. ಕಾರಣ ಗೊತ್ತಿದ್ದದ್ದು ನಮ್ಮಿಬ್ಬರಿಗೇ. ಬೇರೆಯವರಿಗೆ ಹೇಳಿದರೆ ಆರು ತಿಂಗಳ ಹಳೆಯ ಆಟಗಳ ಮೇಲೂ ಅನುಮಾನ ಬರುತ್ತದೆ, ಬೇಡ ಎಂದು ನಾನೇ ಅವರ ಬಾಯಿ ಮುಚ್ಚಿಸಿದ್ದೆ.

ಹೀಗೆ ಮೂರು ವರ್ಷ ಕಳೆಯಿತು.

ಆ ಭಾನುವಾರ ಕ್ಲಬ್ಬಿನ ವಾರ್ಷಿಕ ಪಂದ್ಯ. ನಮ್ಮ ಇಲಾಖೆಯ ದೊಡ್ಡ ಸಾಹೇಬರೊಬ್ಬರು ಮುದ್ದೇನಹಳ್ಳಿ ಕಡೆ ಯಾವುದೋ ಕೆಲಸಕ್ಕೆ ಬಂದಿದ್ದವರು ಬ್ರಿಜ್ ಹುಚ್ಚಿನಿಂದ ನಮ್ಮಲ್ಲಿ ಉಳಿದುಕೊಂಡಿದ್ದರು. ನನ್ನ ಹೆಡ್‌ಮಾಸ್ಟರ್ ಬಡ್ತಿಯ ಕಾಗದ ಅವರ ಮೇಜಿನ ಮೇಲಿದೆ ಎಂದು ನನಗೆ ಗೊತ್ತಿತ್ತು. ಕೊನೆಯ ಸುತ್ತಿಗೆ ಅವರೂ ಕ್ಲಬ್ಬಿನ ಕಾರ್ಯದರ್ಶಿಯೂ ಜೊತೆಯಾಗಿ ನಮಗೆ ಎದುರಾಳಿಗಳಾಗಿ ಕೂತರು.

ಎಲೆ ಎತ್ತಿ ನೋಡಿದೆ. ಅಂಥ ಕೈ ನನಗೆ ಮತ್ತೆ ಬರಲಿಲ್ಲ. ಡೈಮಂಡ್ ಬಿಟ್ಟು ಮೂರು ಎಕ್ಕ, ಹಾರ್ಟ್ ಮತ್ತು ಡೈಮಂಡ್ ರಾಜ, ಕೈತುಂಬ ಸ್ಪೇಡ್. ಎರಡು ಸ್ಪೇಡ್ ಎಂದೆ. ಅವರು ಮೂರು ಸ್ಪೇಡ್ ಎಂದು ಒಪ್ಪಿದರು. ನಾಲ್ಕು ನೋ ಟ್ರಂಪ್ ಎಂದೆ. ಅವರ ಉತ್ತರ ಐದು ಡೈಮಂಡ್, ಅಂದರೆ ಒಂದು ಎಕ್ಕ. ಅಲ್ಲಿಗೆ ನಾಲ್ಕೂ ಎಕ್ಕ ನಮ್ಮದು. ಐದು ನೋ ಟ್ರಂಪ್ ಎಂದೆ. ಅವರು ಒಂದು ಗಳಿಗೆ ಯೋಚಿಸಿ, ನೋಟ್‌ಬುಕ್ಕಿನ ಮೆಟ್ಟಿಲು ಹತ್ತಿದವರ ಹಾಗೆ ನಿಧಾನವಾಗಿ ಆರು ಹಾರ್ಟ್ ಎಂದರು. ಎರಡು ರಾಜ. ನನ್ನಲ್ಲಿ ಎರಡು, ಅವರಲ್ಲಿ ಎರಡು. ಇನ್ನು ಉಳಿದದ್ದೇನು? ಏಳು ಸ್ಪೇಡ್ ಎಂದೆ.

ಮಿಕ್ಕ ಮೇಜಿನವರೆಲ್ಲ ಎದ್ದು ಬಂದರು. ಜೊತೆಗಾರರು ಟವಲು ಬಿಚ್ಚಿ, ಹರಾಜು ಗೆದ್ದವನ ಜೊತೆಗಾರ ಮಾಡಬೇಕಾದ ಹಾಗೆ ಎಲೆಗಳನ್ನು ಮೇಜಿನ ಮೇಲೆ ಹರಡಿ, ಆಟ ನನಗೆ ಬಿಟ್ಟರು. ಹದಿಮೂರು ಪಟ್ಟೂ ನೀರು ಕುಡಿದಷ್ಟು ಸುಲಭವಾಗಿ ಬಂದವು. ನನಗೆ ಕುಣಿಯುವಷ್ಟು ಸಂತೋಷವಾಗಿತ್ತು, ಸುಳ್ಳೇಕೆ ಹೇಳಲಿ.

ಸಾಹೇಬರು ಎಲೆ ಕೆಳಗಿಟ್ಟು ಕುರ್ಚಿಗೆ ಒರಗಿದರು. "ಮೇಷ್ಟ್ರೇ, ಏಳು ಕೂಗೋ ಧೈರ್ಯ ಎಲ್ಲಿಂದ ಬಂತು? ಬಾಯಿಂದ ಬಂತೋ, ಟವಲಿಂದ ಬಂತೋ? ಶಿಡ್ಲಘಟ್ಟದಲ್ಲಿ ಟವಲ್ ಕೆಳಗೆ ಏನೇನು ನಡೆಯುತ್ತೆ ಅಂತ ನಮಗೂ ಗೊತ್ತಪ್ಪ."

ಎಲ್ಲರೂ ಗೊಳ್ಳೆಂದು ನಕ್ಕರು. ಆಮೇಲೆ ನಗು ತಾನಾಗಿಯೇ ಇಳಿಯಿತು, ಯಾಕೆಂದರೆ ಸಾಹೇಬರು ನಗುತ್ತಿರಲಿಲ್ಲ. ಕಾರ್ಯದರ್ಶಿ ನನ್ನ ಕಡೆ ತಿರುಗಿ, "ಆ ಟವಲ್ ಯಾಕೆ ಮೇಷ್ಟ್ರೇ?" ಎಂದು ಕೇಳಿದರು.

ಜೊತೆಗಾರರು ನನ್ನ ಮುಖ ನೋಡುತ್ತಿದ್ದರು. ಹೇಳಬೇಡಿ ಎಂದು ಮಾತು ತೆಗೆದುಕೊಂಡಿದ್ದವನು ನಾನು, ಹೇಳಬೇಕಾದವನೂ ನಾನೇ. ಬೇಕಿದ್ದದ್ದು ಎರಡು ವಾಕ್ಯ. ಟವಲು ಹಾಕಿಕೊಳ್ಳಿ ಎಂದದ್ದು ನಾನು, ಬೆರಳು ಕಾಣದಿರಲಿ ಎಂದು. ಐದು ನೋ ಟ್ರಂಪ್ ರಾಜರನ್ನು ಕೇಳುತ್ತದೆ, ಆರು ಹಾರ್ಟ್ ಎಂದರೆ ಎರಡು, ಕೂಡಿ ನೋಡಿ. ಅಷ್ಟೇ. ಒಂದನೇ ಕ್ಲಾಸಿನ ಕೂಡುವ ಲೆಕ್ಕ. ಆದರೆ ಸಾಹೇಬರಿಗೆ ಗೊತ್ತಿಲ್ಲದ್ದನ್ನು ಹತ್ತು ಜನರ ಮುಂದೆ ನಾನು ಕಲಿಸಬೇಕಾಗಿತ್ತು. ನನ್ನ ಕಣ್ಣಿಗೆ ಕಂಡದ್ದು ಬಡ್ತಿಯ ಕಾಗದ.

"ಅದು ಅವರ ಅಭ್ಯಾಸ. ಯಾಕೆ ಅಂತ ನಾನು ವಿಚಾರಿಸಿಲ್ಲ," ಎಂದೆ.

ಸುಮ್ಮನಿದ್ದಿದ್ದರೂ ಇಷ್ಟು ಕೆಟ್ಟದಾಗುತ್ತಿರಲಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎಂದು ಮಕ್ಕಳಿಗೆ ಕಾಪಿ ಬರೆಸುತ್ತಿದ್ದೆ. ನನ್ನ ಬಾಯಿಂದ ಬಂದದ್ದು ಬೆಳ್ಳಿಯೂ ಅಲ್ಲ, ತಗಡು. ಕಾರ್ಯದರ್ಶಿ ಆ ಆಟ ರದ್ದು ಎಂದು ಗೀಟು ಎಳೆದರು. ನನ್ನ ಜೊತೆಗಾರರು ಟವಲನ್ನು ನಾಲ್ಕು ಮಡಿಕೆ ಮಾಡಿ ಹೆಗಲಿಗೆ ಹಾಕಿಕೊಂಡು ಎದ್ದರು. "ಬರ್ತೀನಿ ಸಾರ್," ಎಂದರು. ನಾನು ಸ್ಟೇಷನ್ನಿಗೆ ಜೊತೆಗೆ ಹೋಗಲಿಲ್ಲ. ಅವರು ಮತ್ತೆ ಕ್ಲಬ್ಬಿಗೆ ಬರಲಿಲ್ಲ.

ಮರುವರ್ಷ ನನಗೆ ಗೌರಿಬಿದನೂರಿನಲ್ಲಿ ಹೆಡ್‌ಮಾಸ್ಟರ್ ಕೆಲಸ ಸಿಕ್ಕಿತು. ಆಮೇಲೆ ಗೊತ್ತಾದದ್ದು, ಆ ಕಾಗದಕ್ಕೆ ಪಂದ್ಯದ ಹಿಂದಿನ ವಾರವೇ ಸಹಿ ಬಿದ್ದಿತ್ತು. ನಾನು ಹೇಡಿಯಾದದ್ದಕ್ಕೆ ಕೂಲಿಯೂ ಸಿಗಲಿಲ್ಲ. ಆ ಮಾತು ರೈಲಿನಲ್ಲಿ ಶಿಡ್ಲಘಟ್ಟಕ್ಕೂ ಹೋಗಿ, ಗೂಡಿನ ಸಂತೆಯಲ್ಲಿ ಜನ, "ಇವರ ಟವಲ್ ಹುಷಾರು ಕಣಯ್ಯ" ಎಂದು ಹಾಸ್ಯ ಮಾಡುತ್ತಾರೆಂದು ಯಾರೋ ಹೇಳಿದರು. ಬೆರಳಿನ ಮೇಲಿನ ನಂಬಿಕೆಯಿಂದಲೇ ಬದುಕುವ ಮನುಷ್ಯನಿಗೆ ಅದು ಹಾಸ್ಯವಲ್ಲ. ಎಷ್ಟೋ ಸಲ ಕಾಗದ ಬರೆಯಲು ಕೂತೆ. ತಪ್ಪಾಯಿತು ಎಂಬ ಮಾತಿನ ಹತ್ತಿರ ಬರುತ್ತಲೇ ಪೆನ್ನು ನಿಲ್ಲುತ್ತಿತ್ತು. ಹರಿದುಹಾಕುತ್ತಿದ್ದೆ. ಇಸ್ಪೀಟನ್ನು ನಾನೂ ಮುಟ್ಟಲಿಲ್ಲ, ಅದರಿಂದ ಯಾರಿಗೇನು ಲಾಭ.

ಏಳೆಂಟು ವರ್ಷವಾದ ಮೇಲೆ, ಅರವತ್ತರ ದಶಕದ ನಡುವೆ, ಒಂದು ಬೆಳಿಗ್ಗೆ ಏನಾದರಾಗಲಿ ಎಂದು ಶಿಡ್ಲಘಟ್ಟಕ್ಕೆ ಹೋದೆ. ಅವರು ಜಗಲಿಯಲ್ಲಿ ಕೂತಿದ್ದರು, ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಎದ್ದು ನಿಂತು, ತಮ್ಮ ಮನೆಮಾತು ತೆಲುಗಿನಲ್ಲಿ ಬನ್ನಿ ಬನ್ನಿ ಎಂದು ಕರೆದರು.

"ರಂಡಿ ಸಾರ್, ರಂಡಿ! ಎಷ್ಟು ವರ್ಷ ಆಯ್ತು!" ಎಂದು ಕೈಹಿಡಿದು ಕೂರಿಸಿದರು. ಕಾಫಿಗೆ ಹೇಳಿದರು. ದಲ್ಲಾಳಿ ಕೆಲಸ ಬಿಟ್ಟಿದ್ದರಂತೆ, ತೋಟ ನೋಡಿಕೊಂಡಿದ್ದರಂತೆ. ನಾನು ತಡವರಿಸುತ್ತ ಆ ಭಾನುವಾರದ ಮಾತು ತೆಗೆದೆ.

"ಬಿಡಿ ಸಾರ್," ಎಂದರು. "ನಿಮ್ಮ ಉಪಕಾರ ನಾನು ಮರೆತಿಲ್ಲ."

"ಯಾವ ಉಪಕಾರ?"

"ಟವಲ್ ಸುತ್ತಿದ್ರೂ ಒಳಗಡೆ ನನ್ನ ಬೆರಳು ಆಡಿರ್ಬೇಕು. ಮೇಲುಗಡೆ ಬಟ್ಟೆ ಅಲ್ಲಾಡಿರ್ಬೇಕು, ನಿಮಗೆ ಕಾಣಿಸಿರ್ಬೇಕು. ಇಲ್ದಿದ್ರೆ ನೀವು ಸತ್ಯ ಹೇಳ್ದೆ ಇರ್ತಿದ್ರಾ? ನಾನು ಕಳ್ಳ ಅಂತ ಹತ್ತು ಜನರ ಮುಂದೆ ಹೇಳೋಕಾಗ್ದೆ, ಗೊತ್ತಿಲ್ಲ ಅಂದ್ಬಿಟ್ರಿ. ನನ್ನ ಮಾನ ಉಳಿಸಿದ್ರಿ." ತಮ್ಮ ಬಲಗೈಯನ್ನು ತಿರುಗಿಸಿ ನೋಡಿಕೊಂಡರು. "ಈ ಬೆರಳನ್ನ ನಂಬಿ ಆಮೇಲೆ ವ್ಯಾಪಾರ ಮಾಡೋಕೆ ಮನಸ್ಸೇ ಬರ್ಲಿಲ್ಲ."

ಅವರು ನನ್ನನ್ನು ಬಯ್ಯುತ್ತಾರೆ ಎಂದುಕೊಂಡು ಬಂದಿದ್ದೆ, ಅದಕ್ಕೆ ಸಿದ್ಧನಾಗಿದ್ದೆ. ಇಷ್ಟು ವರ್ಷ ಅವರು ಬೈದುಕೊಂಡದ್ದು ತಮ್ಮನ್ನೇ. ಹೌದು ಎಂದು ತಲೆಯಾಡಿಸಿದ್ದರೆ ನಾನು ಆ ಮನೆಯಲ್ಲಿ ದೊಡ್ಡ ಮನುಷ್ಯನಾಗಿಯೇ ಉಳಿಯುತ್ತಿದ್ದೆ. ಒಂದು ಗಳಿಗೆ ಹಾಗೆ ಆಸೆಯೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ.

"ಇಲ್ಲ," ಎಂದೆ. "ನಿಮ್ಮ ಬೆರಳು ಆಡಲಿಲ್ಲ. ಬಟ್ಟೆ ಅಲ್ಲಾಡಲಿಲ್ಲ."

ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂದುಕೊಂಡು ನಕ್ಕರು. ಮಾತಿನಿಂದ ಆಗುವುದಿಲ್ಲ ಎಂದು ಗೊತ್ತಾಯಿತು. ಜೇಬಿನಿಂದ ಒಂದು ಹಾಳೆ ತೆಗೆದು, ಆವತ್ತಿನ ನನ್ನ ಹದಿಮೂರು ಎಲೆಗಳನ್ನು ಬರೆದೆ. ಕೆಳಗೆ ನಮ್ಮ ಕೂಗುಗಳನ್ನು ಒಂದೊಂದಾಗಿ ಬರೆದೆ, ಎರಡು ಸ್ಪೇಡಿನಿಂದ ಏಳು ಸ್ಪೇಡಿನವರೆಗೆ. ಪ್ರತಿಯೊಂದರ ಪಕ್ಕದಲ್ಲಿ ಅದರಿಂದ ನನಗೆ ತಿಳಿದದ್ದು ಏನು ಎಂದು ಬರೆದು, ಅವರ ಮುಂದಿಟ್ಟೆ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಹಾಗೆ. ಅವರು ಕನ್ನಡಕ ಹಾಕಿಕೊಂಡು ಓದಿದರು. ತುಟಿ ಅಲುಗುತ್ತಿತ್ತು, ಹಿಂದೆ ನೋಟ್‌ಬುಕ್ ಬಾಯಿಪಾಠ ಮಾಡುತ್ತಿದ್ದ ಹಾಗೆ. ಮೇಲಿನಿಂದ ಕೆಳಕ್ಕೆ ಎರಡು ಸಲ ಓದಿದರು.

"ನಾಲ್ಕು ಎಕ್ಕ, ನಾಲ್ಕು ರಾಜ," ಎಂದರು. "ಟವಲ್ ಬೇಕೇ ಇಲ್ಲ. ಏಳು ಕೂಗಲೇಬೇಕಿತ್ತು."

"ಹೌದು."

ಅವರ ಮುಖದಿಂದ ಏನೋ ಒಂದು ಭಾರ ಇಳಿಯಿತು, ಅದನ್ನು ನಾನು ಕಣ್ಣಾರೆ ಕಂಡೆ. ಆಮೇಲೆ ಅವರು ತಲೆಯೆತ್ತಿ ನನ್ನನ್ನೇ ನೋಡಿದರು.

"ಇಷ್ಟೂ ಆವತ್ತೇ ನಿಮಗೆ ಗೊತ್ತಿತ್ತಲ್ವಾ ಸಾರ್?"

"ಗೊತ್ತಿತ್ತು."

ಅವರು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಟ್ಟುಕೊಂಡರು. ಒಳಗಿನಿಂದ ಕಾಫಿ ಬಂತು. ನಾನು ಕುಡಿದು ಮುಗಿಸುವವರೆಗೆ ಬೀದಿ ನೋಡುತ್ತ ಕೂತಿದ್ದರು. ಲೋಟ ಕೆಳಗಿಟ್ಟ ಮೇಲೆ ಎದ್ದು ನಿಂತು, "ರೈಲಿಗೆ ಹೊತ್ತಾಯ್ತು, ಹೊರಡಿ ಸಾರ್," ಎಂದರು.

ರೈಲಿಗೆ ಇನ್ನೂ ಎರಡು ಗಂಟೆ ಇತ್ತು. ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಕಾದೆ.