ಕೂರಿಸಿದ್ದರೋ, ಮಲಗಿಸಿದ್ದರೋ

ಬೆಳಗ್ಗೆ ಎದ್ದು ಅಂಗಳ ಸಾರಿಸಿ, ಸ್ನಾನ, ಲಿಂಗಪೂಜೆ ಮುಗಿಸಿದೆ. ಹಾಲು ಕಾಯಿಸಿ ಹೆಪ್ಪು ಹಾಕಿದೆ. ತಿಂಗಳುಗಟ್ಟಲೆ ಬೀಗ ಹಾಕಿದ್ದ ಮನೆ, ಅಕ್ಕಿ ಡಬ್ಬಿಯ ತುಂಬ ಹುಳ, ಕೇರಿ ಬಿಸಿಲಿಗಿಟ್ಟೆ. ಹಡಗಿನ ಉಪ್ಪುಗಾಳಿಗೆ ಬಿರುಸಾಗಿದ್ದ ಎರಡು ಸೀರೆಗಳನ್ನು ಇನ್ನೊಮ್ಮೆ ಒಗೆದೆ. ಭದ್ರಾವತಿಯ ಕ್ವಾರ್ಟರ್ಸಿನಲ್ಲಿ ಬಟ್ಟೆ ಒಣಹಾಕುವ ಮೊದಲು ಕಾರ್ಖಾನೆಯ ಹೊಗೆ ಯಾವ ಕಡೆ ಹೋಗುತ್ತಿದೆ ಎಂದು ನೋಡಬೇಕು, ಅದನ್ನೂ ನೋಡಿದೆ. ಯಜಮಾನರ ಡಬ್ಬಿಗೆ ಚಿತ್ರಾನ್ನ ತುಂಬಿ ಕೊಟ್ಟೆ. ಆಮೇಲೆ ಶಿವಮೊಗ್ಗದ ಬಸ್ಸು ಹತ್ತಿದೆ. ದುರ್ಗಿಗುಡಿಯಲ್ಲಿ ಅವ್ವ ಕಾಯುತ್ತಿದ್ದಳು.

ಕಬ್ಬಿಣದ ಕಾರ್ಖಾನೆಯವರು ನಮ್ಮ ಯಜಮಾನರನ್ನು ಹೊಸ ಕುಲುಮೆಯ ಕೆಲಸ ಕಲಿಯಲು ಇಟಲಿಗೆ ಕಳಿಸಿದ್ದರು. ಅಲ್ಲಿಯ ಊಟ ಅವರ ಹೊಟ್ಟೆಗೆ ಒಗ್ಗುವುದಿಲ್ಲ, ಅಡಿಗೆಗೆ ನಾನೂ ಹೋಗುತ್ತೇನೆ ಎಂದು ಎಲ್ಲರಿಗೂ ಹೇಳಿದ್ದೆ. ಅದು ಸುಳ್ಳಲ್ಲ. ಆದರೆ ನಾನು ಹಠ ಹಿಡಿದದ್ದು ಅದಕ್ಕಲ್ಲ. ಸಾಗರದ ರಸ್ತೆಯಲ್ಲಿ ಬಸ್ಸು ಓಡಿಸುತ್ತಿದ್ದ ನನ್ನ ತಮ್ಮ ದೊಡ್ಡ ಯುದ್ಧ ಬಂದಾಗ ದಂಡು ಸೇರಿ, ಲಾರಿ ಓಡಿಸುತ್ತ ಓಡಿಸುತ್ತ ಆ ದೇಶದಲ್ಲೇ ಸತ್ತಿದ್ದ.

ಸತ್ತ ಊರಿನ ಹೆಸರು ಸರ್ಕಾರದ ಕಾಗದದಲ್ಲಿತ್ತು. ಸುಟ್ಟರೋ, ಮಣ್ಣು ಮಾಡಿದರೋ ಎಂಬ, ಅವ್ವನಿಗೆ ಬೇಕಾದ ಮಾತು ಮಾತ್ರ ಇರಲಿಲ್ಲ. ನಮ್ಮಲ್ಲಿ ಸುಡುವುದಿಲ್ಲ, ಕೈಯಲ್ಲಿ ಲಿಂಗ ಕೊಟ್ಟು, ಗದ್ದುಗೆಯ ಮೇಲೆ ಕೂರಿಸಿದ ಹಾಗೆ ಕೂರಿಸಿ ಮಣ್ಣು ಮಾಡುತ್ತೇವೆ. "ಮಿಲಿಟ್ರಿಯಲ್ಲಿ ಹಿಂದೂ ಅಂದ್ರೆ ಸುಡೋದೇ. ನಮ್ಮದು ಬೇರೆ ಪದ್ಧತಿ ಅಂತ ಅವರಿಗೇನು ಗೊತ್ತು?" ಎಂದು ಬಜಾರಿನಲ್ಲಿ ಜವಳಿ ಅಂಗಡಿ ಇಟ್ಟಿದ್ದ ನಮ್ಮ ಚಿಕ್ಕಪ್ಪ ಒಂದು ಸಲ ಅಂದುಬಿಟ್ಟಿದ್ದರು. ಅವ್ವ ಅಂದಿನಿಂದ, ಸತ್ತವರಿಗೆ ಮಾಡುವ ಶಿವಗಣಾರಾಧನೆಯನ್ನು ಮಗನಿಗೆ ಮಾಡಲು ಒಪ್ಪಿರಲಿಲ್ಲ. "ಏನಾಯ್ತು ಅಂತ ತಿಳೀದೆ ಯಾರಿಗೆ ಎಡೆ ಇಡ್ಲಿ?" ಎನ್ನುವಳು. ನಾನು ಹೊರಟಾಗ ವಿಭೂತಿ ಗಟ್ಟಿಯೊಂದನ್ನು ಕೈಗೆ ಕೊಟ್ಟು, "ನೋಡಿದ್ದನ್ನೇ ಬಂದು ಹೇಳ್ಬೇಕು" ಎಂದಿದ್ದಳು.

ಇಟಲಿಯಲ್ಲಿ ಆ ಊರಿಗೆ ರೈಲು, ಆಮೇಲೆ ಬಸ್ಸು, ಆಮೇಲೆ ದ್ರಾಕ್ಷಿ ತೋಟಗಳ ನಡುವೆ ನಡಿಗೆ. ಯುದ್ಧದಲ್ಲಿ ಸತ್ತ ಸಿಪಾಯಿಗಳ ಸ್ಮಶಾನ ಅದು, ಅಲ್ಲಿ ಹುಲ್ಲನ್ನು ಕತ್ತರಿಸಿ ಜಮಖಾನ ಹಾಸಿದ ಹಾಗೆ ಮಾಡಿದ್ದರು. ಬಿಳಿ ಕಲ್ಲುಗಳು ಸಾಲು ಸಾಲು. ಒಂದು ಗೋಡೆಯ ಮೇಲೆ ಸುಟ್ಟವರ ಹೆಸರುಗಳಿದ್ದವು. ಯಜಮಾನರು ಅದನ್ನು ಮೇಲಿನಿಂದ ಕೆಳಗೆ ಓದುತ್ತಾ ಹೋದರು, ನಾನು ಸೆರಗು ಹಿಡಿದು ನಿಂತೆ. ಗೋಡೆಯಲ್ಲಿ ಅವನಿರಲಿಲ್ಲ. ಹಿಂದಿನ ಸಾಲಿನ ಕಲ್ಲೊಂದರಲ್ಲಿ ಸಿಕ್ಕ. ಇಂಗ್ಲಿಷಿನಲ್ಲಿ ಅವನ ಹೆಸರು, ಜೊತೆಗೆ ಅಪ್ಪನ ಹೆಸರಲ್ಲ, ದಂಡಿನ ಒಂದು ನಂಬರು.

ಸುಟ್ಟಿಲ್ಲ. ನಾನು ವಿಭೂತಿ ನೀರಲ್ಲಿ ತೇದು ಕಲ್ಲಿಗೆ ಮೂರು ಬೆರಳು ಎಳೆದೆ. ಹುಲ್ಲು ಕತ್ತರಿಸುತ್ತಿದ್ದ ಮುದುಕ ಮಾಲಿ, ಕಲ್ಲು ಕೊಳೆಯಾಗಿದೆಯೆಂದು ನಾನು ಒರೆಸುತ್ತಿದ್ದೇನೆಂದು ತಿಳಿದು ಬಕೆಟ್ಟು, ಬ್ರಷ್ಷು ಹಿಡಿದು ಓಡಿಬಂದ. ಬೇಡಪ್ಪ ಬೇಡ ಎಂದು ಕೈಮುಗಿದು ತಡೆದೆ.

ಆಗ ಹೊಳೆಯಿತು, ಇವನನ್ನೇ ಕೇಳಬೇಕೆಂದು. ಭಾಷೆ ಇಲ್ಲ. ಹುಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಎಡಗೈ ಮಡಿಲಲ್ಲಿಟ್ಟು, ನೆಲದ ಕೆಳಗೆ ಬೆರಳು ತೋರಿಸಿ, ಹೀಗೆ ಕೂರಿಸಿದ್ದಾರಾ ಎಂದು ಹುಬ್ಬೇರಿಸಿದೆ.

"ಏಳೇ ಮಾರಾಯ್ತಿ, ಜನ ನೋಡ್ತಾರೆ," ಅಂದರು ಯಜಮಾನರು.

"ನೋಡ್ಲಿ. ಕೇಳ್ದೆ ಹೋದ್ರೆ ದುರ್ಗಿಗುಡಿಗೆ ಯಾವ ಮುಖ ಹೊತ್ಕೊಂಡು ಹೋಗ್ಲಿ?"

ಮುದುಕ ನನ್ನನ್ನು ಸ್ವಲ್ಪ ಹೊತ್ತು ನೋಡಿದ. ಅಲ್ಲ ಎಂದು ತಲೆಯಾಡಿಸಿದ. ಟೋಪಿ ತೆಗೆದು ಪಕ್ಕಕ್ಕಿಟ್ಟು, ಸಾಲುಗಳ ನಡುವಿನ ದಾರಿಯಲ್ಲಿ ಉದ್ದಕ್ಕೆ ಮಲಗಿ, ಎದೆಯ ಮೇಲೆ ಕೈ ಕಟ್ಟಿಕೊಂಡು ಕಣ್ಣು ಮುಚ್ಚಿದ. ಎದ್ದಾಗ ಅವನ ಮೊಣಕಾಲು ಕಟಕ್ಕೆಂದಿತು. ಯಜಮಾನರು ಕೈ ಕೊಟ್ಟು ಎಬ್ಬಿಸಿದರು.

ವಾಪಸು ಬರುವ ಬಸ್ಸಿನಲ್ಲಿ ಅವರು ಮೆಲ್ಲಗೆ, "ಕೂರ್ಸಿದಾರೆ ಅಂತ ಹೇಳ್ಬಿಡು. ಯಾರು ಹೋಗಿ ನೋಡ್ತಾರೆ?" ಎಂದರು. ಅವ್ವನ ಮೇಲಿನ ಕರುಣೆಗೇ ಹೇಳಿದ್ದು. ಆದರೆ ನಾನು ಆಗಲೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಸುಳ್ಳು ಹೇಳುವುದಾಗಿದ್ದರೆ ಭದ್ರಾವತಿಯಲ್ಲೇ ಕೂತು ಹೇಳಬಹುದಿತ್ತು, ಸಮುದ್ರ ಯಾಕೆ ದಾಟಬೇಕಿತ್ತು?

ಈಗ ದುರ್ಗಿಗುಡಿಯ ಮನೆ ಮುಟ್ಟಿದಾಗ ಅವ್ವ ಬಾಗಿಲಲ್ಲೇ ಇದ್ದಳು. ಚಿಕ್ಕಪ್ಪ ಅಂಗಡಿ ಬಿಟ್ಟು ಬಂದು ಕೂತಿದ್ದರು.

"ಏನಮ್ಮಾ ಫಾರಿನ್, ನಮ್ಮನ್ನ ಗುರ್ತು ಹಿಡೀತೀಯೋ ಇಲ್ವೋ?"

"ನಿಮ್ಮ ಹೊಟ್ಟೆ ನೋಡಿದ್ರೆ ಯಾವ ದೇಶದಲ್ಲೂ ಗುರ್ತು ಹಿಡೀತೀನಿ, ಚಿಕ್ಕಪ್ಪ."

"ಅದೆಲ್ಲ ಆಮೇಲೆ," ಅಂದಳು ಅವ್ವ. "ಕಾಲು ತೊಳ್ಕೊ. ನೀರು ಕುಡಿ. ಹೇಳು. ಸುಟ್ರಾ?"

"ಇಲ್ಲ ಅವ್ವ. ಮಣ್ಣು ಮಾಡಿದಾರೆ. ಕಲ್ಲಿದೆ, ಕಲ್ಲಲ್ಲಿ ಹೆಸರಿದೆ. ವಿಭೂತಿ ಹಚ್ಚಿ ಬಂದೆ."

ಅವ್ವ ಎದೆಯ ಮೇಲಿನ ಲಿಂಗದ ಕಾಯಿ ಹಿಡಿದುಕೊಂಡಳು. ಇನ್ನೊಂದನ್ನು ಕೇಳದೆ ಇರಲಿ ಎಂದು ನನ್ನ ಮನಸ್ಸು ಹೇಳುತ್ತಿತ್ತು. ಕೇಳಿದಳು.

"ಕೂರ್ಸಿದಾರಾ?"

"ಇಲ್ಲ. ಮಲಗ್ಸಿದಾರೆ. ಎಲ್ಲರನ್ನೂ ಹಾಗೇ ಮಲಗ್ಸಿದಾರೆ. ಕೈಯಲ್ಲಿ ಲಿಂಗ ಇಟ್ರೋ ಇಲ್ವೋ, ಅದು ನಂಗೆ ತಿಳೀಲಿಲ್ಲ."

"ಹಂಗಾದ್ರೆ ಅದು ನಮ್ಮ ಕ್ರಮ ಅಲ್ಲ, ಅತ್ತಿಗೆ," ಚಿಕ್ಕಪ್ಪ ತೊಡೆ ತಟ್ಟಿದರು. "ಗಣಾರಾಧನೆ ಹೆಂಗೆ ಮಾಡ್ತೀರಿ? ಅಯ್ಯನೋರು ಏನಂತಾರೆ? ನಾಲ್ಕು ಜನ ಏನಂತಾರೆ?"

ಅವ್ವ ಒಳಗೆ ಹೋಗಿ ಒಲೆಯ ಮೇಲಿನ ಪಾತ್ರೆ ಇಳಿಸಿ ಬಂದಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನಿಂತೇ ಹೇಳಿದಳು.

"ಸಾಗರದ ಬಸ್ಸು ಓಡ್ಸಿ ಬಂದ್ರೆ ಬೆನ್ನು ನೋವು ಅವ್ವಾ ಅನ್ನೋನು. ಬೆನ್ನಿಗೆ ನಾನೇ ಎಣ್ಣೆ ತಿಕ್ಕಿದೀನಿ. ಅಲ್ಲೂ ಹೋಗಿ ಲಾರಿನೇ ಓಡ್ಸಿದ. ಬದುಕಿರೋ ತನಕ ಕೂತೇ ಇದ್ದ ನನ್ನ ಮಗ. ಮಲಗ್ಲಿ ಬಿಡ್ರಿ."

ಚಿಕ್ಕಪ್ಪ ಬಾಯಿ ತೆರೆದರು.

"ಬರೋ ಸೋಮವಾರ ಗಣಾರಾಧನೆಗೆ ಅಯ್ಯನೋರನ್ನ ಕರೀರಿ," ಅವ್ವ ಬಿಡಲಿಲ್ಲ. "ಒಪ್ಪದಿದ್ರೆ, ಒಪ್ಪೋ ಅಯ್ಯನೋರನ್ನ ನೀವೇ ಹುಡ್ಕಿ. ಸುಟ್ರು ಅಂತ ಸುದ್ದಿ ಹಬ್ಬಿಸಿದ ಬಾಯಿ ಅಲ್ವಾ ಅದು, ಈಗ ಇದನ್ನೂ ಹೇಳ್ಕೊಂಡು ಬರ್ಲಿ."

ಚಿಕ್ಕಪ್ಪ ತಲೆ ಕೆರೆದುಕೊಂಡರು. ಕಡೆಗೆ, "ಊಟದ ಎಲೆ ಎಷ್ಟು ತರ್ಲಿ?" ಎಂದರು.

ಸಂಜೆ ಹೋಗಿ ಅಯ್ಯನವರನ್ನು ಕಂಡು ಬಂದರು. ಅವರು ತಕರಾರು ಮಾಡಲಿಲ್ಲವಂತೆ. ರಾತ್ರಿ ಊಟಕ್ಕೆ ಅಕ್ಕಿರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮಜ್ಜಿಗೆ. ಚಿಕ್ಕಪ್ಪ ನಾಲ್ಕನೆಯ ರೊಟ್ಟಿಗೆ ಬೇಡ ಬೇಡ ಅನ್ನುತ್ತಲೇ ತಟ್ಟೆ ಮುಂದೆ ಮಾಡಿದರು, ಎಲ್ಲರಿಗಿಂತ ಮೊದಲು ನಡುಮನೆಯಲ್ಲಿ ಗೊರಕೆ ಹೊಡೆದರು. ಅವ್ವನೂ ನಾನೂ ಸೋಮವಾರದ ಅಕ್ಕಿಯನ್ನು ಮೊರಕ್ಕೆ ಸುರಿದುಕೊಂಡು ಕೂತೆವು.