ಮಾತು ಬಿಟ್ಟ ಮನೆಯ ಗುರುಲಿಂಗವ್ವ

ಗುರುಲಿಂಗವ್ವ ಮೂಕಿ ಎಂದು ನಾನು ಹೆಚ್ಚುಕಡಿಮೆ ಒಂದು ವರ್ಷ ನಂಬಿದ್ದೆ. ಇಳಕಲ್ಲಿನ ನೇಕಾರರ ಓಣಿಯಲ್ಲಿ ಬಾಡಿಗೆ ಮನೆ ಹಿಡಿದ ಹೊಸತು. ನಮ್ಮ ಅಡುಗೆಮನೆಯ ಗೋಡೆಯ ಆಚೆಗೇ ಅವರ ಮಗ್ಗ. ಬೆಳಗಿನಿಂದ ಸಂಜೆತನಕ ಮಗ್ಗದ ಸಪ್ಪಳ, ಆಗೀಗ ಆಕೆಯ ಗಂಡ ಶಂಕರಲಿಂಗ ಬೆಕ್ಕಿನ ಜೊತೆ ಮಾತಾಡುವ ಸದ್ದು. ಹೆಂಗಸಿನ ದನಿ ಮಾತ್ರ ಇಲ್ಲ. ಮೂಕ ಹೆಂಡತಿಯನ್ನು ಒಂದು ಗದರಿಕೆಯೂ ಇಲ್ಲದೆ ಬಾಳಿಸುತ್ತಿರುವ ಪುಣ್ಯಾತ್ಮ ಎಂದು ನಾನು ಕಚೇರಿಯಲ್ಲಿ ಆತನ ಗುಣಗಾನ ಮಾಡಿದ್ದೂ ಉಂಟು. ಆಕೆ ಎದುರಾದರೆ ಕೈಸನ್ನೆ ಮಾಡಿ ನಗುತ್ತಿದ್ದೆ. ಒಂದು ದಿನ ನಳದ ಹತ್ತಿರ, ನೀರು ಯಾವಾಗ ಬಿಡುತ್ತಾರೆ ಎಂಬುದನ್ನು ಬೊಗಸೆ, ಬೆರಳು, ಹುಬ್ಬು ಎಲ್ಲವನ್ನೂ ಬಳಸಿ ಕೇಳಿದೆ. ಆಕೆ ಕೊಡ ಕೆಳಗಿಟ್ಟು ನನ್ನನ್ನು ಪೂರ್ತಿ ನೋಡಿದಳು.

“ಯಾಕ್ರಿ ಸರ, ಹಲ್ಲು ಕೀಳಿಸೀರೇನು?”

ಉಳಿದದ್ದನ್ನು ಪಕ್ಕದ ಮನೆಯ ಸಾಯಿಮಾ ಹೇಳಿದಳು. ಇಳಕಲ್ ಸೀರೆಯ ಒಡಲಿನ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಎರಡನ್ನೂ ಮಗ್ಗದ ಮೇಲೆ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಎದುರುಬದುರು ಕೂತು ಮಾಡುವ ಕೆಲಸ, ಒಬ್ಬರ ಕೈಯಲ್ಲಿ ಬಗೆಹರಿಯುವುದಿಲ್ಲ. ಹಿಂದೊಮ್ಮೆ ಸೀರೆ ಒಯ್ಯಲು ಬಂದ ಸಾವುಕಾರ ಕೊಂಡಿ ಕೂಡಿದ ಜಾಗದ ಮೇಲೆ ಕೈಯಾಡಿಸಿ, “ಭಾಳ ಚಲೋ ಬಂದೈತಿ, ಯಾರ ಕೈ ಇದು?” ಎಂದ. ಶಂಕರಲಿಂಗ ಮೀಸೆ ತೀಡಿ, “ನಂದ” ಎಂದ. ಕಸ ಹೊಡೆಯುತ್ತಿದ್ದ ಗುರುಲಿಂಗವ್ವ ತಲೆ ಎತ್ತದೆ, “ಅವತ್ತ ನೀವು ಬಾದಾಮಿಗೆ ಹೋಗಿದ್ರಿ. ನಾನು ಸಾಯಿಮಾ ಕೂಡಿಸೇವಿ” ಎಂದಳು. ಸಾವುಕಾರ ನಕ್ಕ. ಶಂಕರಲಿಂಗ ಅಂದೇ ಹೆಂಡತಿಯ ಜೊತೆ ಮಾತು ಬಿಟ್ಟ.

ಬಿಟ್ಟದ್ದು ಅಂದರೆ ಬಿಟ್ಟದ್ದೇ. ವರ್ಷಗಳು ಕಳೆದವು. ಕೊಂಡಿ ಹಾಕುವಾಗ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತರೂ ತುಟಿ ಬಿಚ್ಚಲಿಲ್ಲ. ಲಾಳಿಯಿಂದ ಮಗ್ಗದ ಕಟ್ಟಿಗೆಗೆ ಒಂದು ಸಲ ಕುಟ್ಟಿದರೆ ನೀರು, ಎರಡು ಸಲ ಕುಟ್ಟಿದರೆ ಚಹಾ. ಅದಕ್ಕಿಂತ ಉದ್ದನೆಯ ವಿಷಯವಿದ್ದರೆ ಬೆಕ್ಕಿಗೆ ಹೇಳುತ್ತಿದ್ದ: “ನೋಡಬೇ, ಪಲ್ಯಾದಾಗ ಉಪ್ಪ ಕಡಿಮಿ ಆಗೈತಿ.” ಮಕ್ಕಳಿದ್ದರೆ ಅವರ ಬಾಯಿಂದ ಹೇಳಿಸುತ್ತಿದ್ದನೇನೋ, ಇರಲಿಲ್ಲ. ಮೊದಮೊದಲು ಆಕೆ ಅತ್ತಳು, ತಪ್ಪಾಯಿತು ಎಂದಳು, ಜಗಳ ತೆಗೆದಳು. ಆಮೇಲೆ ಆಕೆಯೂ ಮನೆಯೊಳಗೆ ಬಾಯಿ ತೆರೆಯುವುದನ್ನು ಬಿಟ್ಟಳು. ಓಣಿಗೆಲ್ಲ ಇದು ಗೊತ್ತಿತ್ತು. ಆದರೆ ಸಪ್ಪಳವಿಲ್ಲದ ಜಗಳವನ್ನು ಬಿಡಿಸಲು ಯಾರು ಹೋಗುತ್ತಾರೆ?

ಹೀಗಿರುವಾಗ ಮರೋಳದಲ್ಲಿ ಗುರುಲಿಂಗವ್ವನ ತಾಯಿ ತೀರಿಕೊಂಡಳು. ಮುಂಜಾನೆ ಫೋನು ಬಂದದ್ದು ಶಂಕರಲಿಂಗನಿಗೆ, ಮನೆಯಲ್ಲಿದ್ದದ್ದು ಅದೊಂದೇ ಮೊಬೈಲು. ಗಂಡಹೆಂಡತಿ ಕೊಂಡಿ ಹಾಕಲು ಕೂತಿದ್ದರು. ಆತ “ಹೂಂ, ಹೂಂ” ಎಂದು ಕೇಳಿ ಫೋನನ್ನು ಕಿಸೆಗೆ ಇಟ್ಟ. ಕೊಂಡಿ ಪೂರ್ತಿ ಮಾಡಿದ. ಊಟ ಮಾಡಿದ. ಮಧ್ಯಾಹ್ನ ಕಟ್ಟೆಗೆ ಬಂದು ಸಾಯಿಮಾಳನ್ನು ಕರೆದು, “ಒಳಗ ಹೋಗಿ ಆಕಿಗೆ ಹೇಳು, ಅವರವ್ವ ಹ್ವಾದ್ಲಂತ” ಎಂದ. ಗುರುಲಿಂಗವ್ವ ಬಸ್ಸು ಹಿಡಿದು ಮರೋಳ ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು.

ತಾಯಿಯ ದಿನ ಮುಗಿಸಿ ಆಕೆ ಇಳಕಲ್ಲಿಗೆ ಬರಲಿಲ್ಲ. ಹುನಗುಂದದಲ್ಲಿ ಇಳಿದು ವಕೀಲೆ ಶೀಲಾರ ಮುಂದೆ ಕೂತು, ಸೋಡಚೀಟಿ ಬೇಕು, ಗಂಡನಿಂದ ಬಿಡುಗಡೆ ಬೇಕು ಎಂದಳು. ಅರ್ಜಿಯಲ್ಲಿ ‘ಕ್ರೂಯೆಲ್ಟಿ’ ಎಂದು ಹಾಕುತ್ತೇನೆ, ಕ್ರೌರ್ಯ ಅಂತ ಅರ್ಥ ಎಂದರು ಶೀಲಾ. ಗುರುಲಿಂಗವ್ವ ಹಿಂದೆ ಸರಿದಳು.

“ಬ್ಯಾಡ್ರಿ ಅಕ್ಕಾರ. ಕ್ರೌರ್ಯ ಅಂದ್ರ ಬಯಲಾಟದಾಗ ರಾಕ್ಷಸ ಮಾಡ್ತಾನಲ್ರಿ, ಅದು. ಇಂವಾ ಇರಿವಿಗೆ ಸಕ್ರಿ ಹಾಕಾಂವ.”

“ಕಾಯ್ದೇದಾಗ ಇದಕ್ಕ ಬ್ಯಾರೆ ಶಬ್ದ ಇಲ್ಲವ್ವಾ.”

“ಅವ್ವನ ಮಣ್ಣಿಗೆ ಕಳಸಲಿಲ್ಲ ಅಂತ ಬರೀರಿ.”

“ಅದನ್ನೂ ಬರೀತೇನಿ. ಮ್ಯಾಲೆ ಹೆಸರು ಮಾತ್ರ ಕ್ರೌರ್ಯ ಅಂತನ ಇರ್ತೈತಿ.”

ನೋಟೀಸು ಬಂದಾಗ ಓಣಿ ಸಿಟ್ಟಾದದ್ದು ಸೋಡಚೀಟಿಗಲ್ಲ, ಆ ಶಬ್ದಕ್ಕೆ. ಶಂಕರಲಿಂಗನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರೂ ಅದು ಆತನ ಮೈಗೆ ಒಪ್ಪುತ್ತಿರಲಿಲ್ಲ. ಓಣಿಯ ಹಿರಿಯ ಅಮಾತೆಪ್ಪ, ಬಾಗಲಕೋಟೆಯ ಜಿಲ್ಲಾ ಕೋರ್ಟು ತನ್ನ ಸಲಹೆಗಾಗಿ ಕಾಯುತ್ತಿದೆ ಎಂಬಂತೆ ಇಸ್ತ್ರಿ ಮಾಡಿದ ಪಟಕಾ ತಲೆಗೆ ಸುತ್ತಿಕೊಂಡು ಮಠದ ಕಟ್ಟೆಯ ಮೇಲೆ ಹಿರಿಯರನ್ನು ಕೂಡಿಸಿ, ಗುರುಲಿಂಗವ್ವನನ್ನೂ ಕರೆಸಿದ.

“ಹೊಡದಾನೇನ?”

“ಇಲ್ಲ ಕಾಕಾ.”

“ಕುಡದ ಬಂದಾನೇನ?”

“ಇಲ್ಲ.”

“ಬೈದಾನೇನ?”

“ಬೈಯಾಕ ಬಾಯಿ ತಗೀಬೇಕಲ್ಲ.”

“ಹಂಗಾರ ಕ್ರೌರ್ಯ ಎಲ್ಲೈತಿ, ತೋರಸು” ಎಂದು ಅಮಾತೆಪ್ಪ, ಕಳೆದ ಕೀಲಿಕೈ ಹುಡುಕುವವನಂತೆ ಆಕೆಯ ಕೈ, ಮುಖ ನೋಡಿದ.

ಕಲಿತವರು ಎಂದು ನನ್ನನ್ನೂ ಕರೆದಿದ್ದರು, ಶಬ್ದದ ಅರ್ಥ ಬಿಡಿಸಿ ಹೇಳಲು. ನಾನು ಸಂಸ್ಕೃತದಿಂದ ಶುರು ಮಾಡಿದೆ. ಇಳಕಲ್ಲಿಗೆ ಬಂದು ಮುಟ್ಟುವ ಮೊದಲೇ ಚಹಾ ಬಂತು. ಕೊನೆಗೆ ಯಾರೋ ಫೋನಿನ ಮಾತೆತ್ತಿದರು. ಶಂಕರಲಿಂಗ ಎದ್ದು ನಿಂತು ಹೇಳಿದ, “ನಾ ಮಾತು ಬಿಟ್ಟಿದ್ನಲ್ರಿ, ಹೆಂಗ ಹೇಳ್ಲಿ? ಒಮ್ಮೆ ಬಿಟ್ಟೇನಿ ಅಂದ್ರ ಬಿಟ್ಟೇನಿ.” ಹಿರಿಯರಲ್ಲಿ ಇಬ್ಬರು ತಲೆದೂಗಿದರು. ಹಟ ಇದ್ದರೆ ಹೀಗಿರಬೇಕು ಎನ್ನುವಂತಿತ್ತು. ಹೊಂದಿಕೊಂಡು ಹೋಗು ಎಂದು ಆಕೆಗೆ ಬುದ್ಧಿ ಹೇಳಿ ಎದ್ದರು. ಗುರುಲಿಂಗವ್ವ ಮರುದಿನ ಹುನಗುಂದದ ಬಸ್ಸು ಹತ್ತಿದಳು.

ಕೋರ್ಟು ತಾರೀಖಿನ ಮೇಲೆ ತಾರೀಖು ಕೊಟ್ಟಿತು. ಅಂತೂ ಒಂದು ದಿನ ಶಂಕರಲಿಂಗ ಕಟಕಟೆಯಲ್ಲಿ ನಿಂತ. ಕಟ್ಟೆಯ ಮೇಲೆ ಹೇಳಿದ್ದನ್ನೇ ಅಷ್ಟೇ ಅಭಿಮಾನದಿಂದ ಹೇಳಿದ. ಆದರೆ ಇಲ್ಲಿ ಯಾರೂ ತಲೆದೂಗಲಿಲ್ಲ. ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು.

“ಸುದ್ದಿ ಬಂದ ಮ್ಯಾಲೂ ಆಕಿ ಎದುರಿಗೇ ಕೂತು ಕೆಲಸ ಮುಗಿಸಿದಿರಿ?”

“ಹೌದ್ರಿ ಸಾಹೇಬ್ರ. ಕೊಂಡಿ ನಡುವ ಬಿಟ್ರ ಎಳಿ ಸಿಕ್ಕಾಗ್ತಾವ್ರಿ.”

ಸೋಡಚೀಟಿ ಸಿಕ್ಕಿತು. ಗುರುಲಿಂಗವ್ವ ಈಗ ಸಾಯಿಮಾಳ ಹಿತ್ತಿಲ ಕೋಣೆಯಲ್ಲಿ ಮಗ್ಗ ಹಾಕಿದ್ದಾಳೆ. ಇಬ್ಬರೂ ಎದುರುಬದುರು ಕೂತು ಕೊಂಡಿ ಹಾಕುತ್ತಾರೆ. ಗುರುಲಿಂಗವ್ವ ಬಸ್ಸಿನ ವಿಷಯ, ಬದನೆಕಾಯಿ ವಿಷಯ, ಕನಸಿನ ವಿಷಯ ಒಂದೇ ಉಸಿರಿಗೆ ಹೇಳುತ್ತಾಳೆ. “ಕಿವ್ಯಾಗ ಹತ್ತಿ ಇಟ್ಕೋತೇನಿ ನೋಡಬೇ” ಎನ್ನುತ್ತಾಳೆ ಸಾಯಿಮಾ. ಇಟ್ಟುಕೊಂಡದ್ದನ್ನು ನಾನು ನೋಡಿಲ್ಲ.

ಮೊನ್ನೆ ಅಮಾತೆಪ್ಪ ಮೊಮ್ಮಗಳ ಮದುವೆಗೆಂದು ಸೀರೆ ನೋಡಲು ಅಲ್ಲಿಗೆ ಬಂದ. ಜೊತೆಗೆ ನಾನೂ ಇದ್ದೆ. ಸೀರೆ ಮನಸ್ಸಿಗೆ ಬಂತು, ಆದರೆ ಕೋರ್ಟಿನ ತೀರ್ಪು ಆತನಿಗೆ ಇನ್ನೂ ಅರಗಿರಲಿಲ್ಲ. ಹೊಸ್ತಿಲಲ್ಲಿ ನಿಂತು ಕೇಳಿಯೇಬಿಟ್ಟ.

“ಅಲ್ಲವಾ ಗುರುಲಿಂಗವ್ವಾ, ಒಂದ ಬಿರುಸು ಮಾತು ಆಡಲಿಲ್ಲ, ಒಂದ ಏಟು ಹಾಕಲಿಲ್ಲ. ಅಂಥಾ ಗಂಡನ್ನ ದಿನಾ ಪೂಜಿ ಮಾಡಬೇಕೋ, ಬಿಡಬೇಕೋ?”

ಗುರುಲಿಂಗವ್ವ ಕೈಯೊಳಗಿನ ಎಳೆ ಬಿಡಲಿಲ್ಲ.

“ಪೂಜಿ ಮಾಡಾಕ ಕೊಳ್ಳಾಗ ಲಿಂಗ ಐತಿ ಕಾಕಾ. ಲಗ್ನ ಆಗಿದ್ದು ಮಾತಾಡಾಕ.”