ಹಲಗೆಯ ಮೇಲೆ ಕೇಳುವ ಪ್ರಶ್ನೆ

ಹೋದ ಗುರುವಾರ ಗುಂಡ್ಲುಪೇಟೆಯ ಮಂಡಿಯಲ್ಲಿ ನಾನೊಂದು ಜೋಕು ಹೊಡೆದೆ. ಯಾರೂ ನಗಲಿಲ್ಲ.

(ಮನೆಯಲ್ಲೂ ನನ್ನ ಜೋಕಿಗೆ ಹೆಚ್ಚುಕಡಿಮೆ ಇದೇ ಗತಿ. ಆದರೆ ಹೆಂಡತಿ ಒಮ್ಮೆ ತಲೆಯೆತ್ತಿಯಾದರೂ ನೋಡುತ್ತಾಳೆ.)

ನಡೆದದ್ದು ಇಷ್ಟು. ಬೇಗೂರಿನಲ್ಲಿರುವ ನನ್ನ ಭಾವ ಸಾಂಬಾರ್ ಈರುಳ್ಳಿ ಬೆಳೆದಿದ್ದರು. ಮಂಡಿಗೆ ತರುವ ದಿನ ನನಗೂ ರಜೆಯಿತ್ತು. "ಮನೇಲಿ ಕೂತು ಟೀವಿ ನೋಡೋ ಬದ್ಲು ಬನ್ನಿ" ಎಂದು ಎಳೆದುಕೊಂಡು ಹೋದರು. ವ್ಯಾಪಾರದ ಮಾತು ಅವರದು. ನನಗೇನು ಕೆಲಸ? ಒಂದು ಟೀ ಹಿಡಿದು, ಖಾಲಿ ಗೋಣಿಗಳ ರಾಶಿಯ ಮೇಲೆ ಕೂತು, ಕೇರಳಕ್ಕೆ ಹೊರಡುವ ಲಾರಿಗೆ ಹಮಾಲಿಗಳು ಲೋಡ್ ಮಾಡುವುದನ್ನು ನೋಡುತ್ತಿದ್ದೆ.

ಇಬ್ಬರು ಚೀಲ ಎತ್ತಿ ಕೊಡುತ್ತಾರೆ. ಮೂರನೆಯವನು ಬೆನ್ನು ಕೊಟ್ಟು ಹೊತ್ತುಕೊಂಡು, ನೆಲದಿಂದ ಲಾರಿಗೆ ಇಳಿಜಾರಾಗಿ ಇಟ್ಟ ಹಲಗೆಯ ಮೇಲೆ ನಡೆದು ಹತ್ತುತ್ತಾನೆ. ಹಲಗೆ ಬಳುಕುತ್ತದೆ. ಅವನು ಬಳುಕುವುದಿಲ್ಲ. ಒಂದಾದ ಮೇಲೊಂದು, ಒಂದಾದ ಮೇಲೊಂದು. ನನ್ನಂಥ ಕುರ್ಚಿ ಜನಕ್ಕೆ ಇದನ್ನು ನೋಡಿದರೇ ಸುಸ್ತಾಗುತ್ತದೆ.

ಅವರ ನಡುವೆ ಒಬ್ಬ ಇದ್ದ. ಆರಡಿ ಆಳು, ಅಗಲ ಭುಜ, ಮೂವತ್ತೈದರ ಆಸುಪಾಸು. ಉಳಿದವರೆಲ್ಲ ತುಂಬಿದ ಚೀಲ ಹೊರುತ್ತಿದ್ದರೆ ಇವನ ಬೆನ್ನ ಮೇಲೆ ಅರ್ಧ ಮಾತ್ರ ತುಂಬಿದ ಚೀಲ. ಅದನ್ನೂ ತೂಕದ ಜಾಗದಿಂದ ಹಲಗೆಯ ಬುಡದವರೆಗೆ ಮಾತ್ರ ತಂದು ಇಳಿಸುತ್ತಿದ್ದ.

ನನ್ನ ನಾಲಗೆ ಸುಮ್ಮನಿರಬೇಕಲ್ಲ? "ಏನಪ್ಪಾ, ಮಾವನ ಮನೆಗೆ ಬಂದಂಗೆ ಕೆಲಸ ಮಾಡ್ತಿದೀಯಲ್ಲ" ಎಂದೆ.

ಅವನು ತಲೆ ತಗ್ಗಿಸಿದ. ಉಳಿದವರು ನನ್ನನ್ನು ನೋಡಿದರು. ಆ ನೋಟಕ್ಕೆ ನನ್ನ ಟೀ ತಣ್ಣಗಾಯಿತು.

ಗ್ಯಾಂಗಿನ ಮೇಸ್ತ್ರಿ ಬಂದು ಪಕ್ಕದಲ್ಲಿ ಕೂತರು. ಪುಟ್ಟಮಾದಯ್ಯ ಅಂತ. ಅರವತ್ತು ದಾಟಿದ, ಒಣಕಲು ಮೈಯ ಮನುಷ್ಯ. ಬೈಯುತ್ತಾರೇನೋ ಅಂದುಕೊಂಡೆ. ಬೈಯಲಿಲ್ಲ.

"ಅವ್ನು ನಂಜುಂಡ ಅಂತ ಸಾ. ಉಡಿಗಾಲದೋನು. ಈ ಹಲ್ಗೆ ಮ್ಯಾಲಿಂದ್ಲೇ ಜಾರಿ ಬಿದ್ದ. ಅವ್ನ ಮ್ಯಾಲೆ ಚೀಲ ಬಿತ್ತು. ಸೊಂಟದ ಮೂಳೆ. ಮೈಸೂರ್ಗೆ ಎತ್ಕೊಂಡ್ ಓದೊ. ಇನ್ನೊಂದ್ ಸಲ ಇಂಗಾದ್ರೆ ಎದ್ ನಿಲ್ಲದೇ ಡೌಟು ಅಂದವ್ರೆ ಡಾಕ್ಟ್ರು."

"ಮತ್ತೆ ಇಲ್ಲಿಗ್ಯಾಕೆ ಕರೆಸಿದಿರಿ?"

"ಭಾರ ಎತ್ಬ್ಯಾಡ ಅಂತಾನೂ ಅಂದ್ರು ಸಾ. ಹಮಾಲಿ ಭಾರ ಎತ್ದೆ ಇನ್ನೇನ್ ಎತ್ತಾನು?"

ಇದಕ್ಕೆ ಉತ್ತರ ನಿಮ್ಮಲ್ಲಿದೆಯೇ?

ಆಮೇಲೆ ಅವರು ಹೇಳಿದ್ದನ್ನು ಕೇಳುತ್ತ ಹೋದಂತೆ ನಾನು ಗೋಣಿಯ ರಾಶಿಯ ಮೇಲೆ ನೆಟ್ಟಗೆ ಕೂತೆ. ಹಾಸಿಗೆ ಬಿಟ್ಟ ಮೇಲೆ ಮೊದಲ ತಿಂಗಳು ನಂಜುಂಡನಿಗೆ ಚೀಲದ ಬಾಯಿ ಹೊಲಿಯುವ ಕೆಲಸ ಮಾತ್ರ. ಅದೂ ಕೂತಲ್ಲೇ ಅಲ್ಲ, ಎದ್ದು ನಾಲ್ಕು ಹೆಜ್ಜೆ ನಡೆದು ಮತ್ತೆ ಕೂರಬೇಕು. ಆದರೂ ಕೂಲಿಯ ಪಾಲಿನಲ್ಲಿ ಕಡಿತವಿಲ್ಲ. ಆಮೇಲೆ ಅವನಿಗಾಗಿಯೇ ಒಂದು ಗೋಣಿ ಎತ್ತಿಟ್ಟರು. ಅದರ ಮೇಲೆ ಕೆಂಪು ದಾರದಲ್ಲಿ ಒಂದು ಗೆರೆ ಹೊಲಿದರು. ಆ ಗೆರೆಯವರೆಗೆ ಮಾತ್ರ ಈರುಳ್ಳಿ. ವಾರಕ್ಕೊಮ್ಮೆ ಗೆರೆ ನಾಲ್ಕು ಬೆರಳು ಮೇಲೇರುತ್ತದೆ. ಅವನು ಬಿದ್ದ ಹಲಗೆಗೂ ಅಡ್ಡಪಟ್ಟಿ ಹೊಡೆಸಿದ್ದಾರೆ, ಈಗ ಯಾರ ಕಾಲೂ ಜಾರುವುದಿಲ್ಲ.

ಇದನ್ನು ಇವರಿಗೆ ಯಾರು ಹೇಳಿಕೊಟ್ಟರು? ಯಾರೂ ಇಲ್ಲ. ಹನ್ನೊಂದು ಜನ ಕೂತು ಮಾತಾಡಿಕೊಂಡರಂತೆ, ಅಷ್ಟೇ.

ನಡುವೆ ಒಂದು ಎಡವಟ್ಟೂ ಆಗಿದೆ. ಎಲ್ಲರೂ ಹೊರುವಾಗ ತಾನೊಬ್ಬ ಕಾಲು ಚೀಲ ಹೊರುವುದು ನಂಜುಂಡನಿಗೆ ಅವಮಾನ. (ನನ್ನಂಥವರು ಜೋಕು ಬೇರೆ ಹೊಡೆಯುತ್ತಾರಲ್ಲ.) ಒಂದು ಬೆಳಿಗ್ಗೆ ಯಾರೂ ಬರುವ ಮುಂಚೆ ಬಂದು, ತುಂಬಿದ ಚೀಲವನ್ನು ಒಬ್ಬನೇ ಎತ್ತಿದ್ದಾನೆ.

"ನಾವ್ ಬರೋವತ್ಗೆ ಗೋಡೆ ಇಡ್ಕಂಡ್ ನಿಂತವ್ನೆ. ಏನ್ಲಾ ಅಂದ್ರೆ ಏನಿಲ್ಲ ಕಣಣ್ಣ ಅಂತಾನೆ. ಕಣ್ಣಲ್ ನೀರು. ತಿರ್ಗಾ ಚಾಪೆಗೆ ಬಿದ್ದ. ಅವತ್ತೇ ನಾನು ತೀರ್ಮಾನ ಮಾಡ್ಬುಟ್ಟೆ. ನೋವೈತಾ ಅಂತ ಇವ್ನ ಕೇಳಬಾರ್ದು."

"ಕೇಳದೆ ತಿಳಿಯೋದು ಹೇಗೆ?"

"ಬ್ಯಾರೆ ಏನಾರ ಕೇಳ್ತೀನಿ ಸಾ. ಊಟ ಆಯ್ತಾ, ಮಳೆ ಬಂತಾ, ಏನೋ ಒಂದು. ನೋವಿದ್ದೋನು ಉಸ್ರು ಕಟ್ಕೊಂಡ್ ನಡೀತಾನೆ. ಉಸ್ರು ಕಟ್ದೋನ್ಗೆ ಮಾತ್ ಬರಾಕಿಲ್ಲ."

ಓದುಗರೇ, ಇಪ್ಪತ್ತೆಂಟು ವರ್ಷದ ಸರ್ವಿಸ್ ನನ್ನದು. ಎಷ್ಟು ಟ್ರೈನಿಂಗ್, ಎಷ್ಟು ಸರ್ಕ್ಯುಲರ್ ನೋಡಿದ್ದೇನೆ. ಒಬ್ಬ ಮನುಷ್ಯನ ನೋವನ್ನು ಅವನ ಮರ್ಯಾದೆಗೆ ಕುಂದು ಬಾರದಂತೆ ಪತ್ತೆ ಮಾಡುವ ಇಂಥ ಉಪಾಯವನ್ನು ಎಲ್ಲೂ ಕಂಡಿಲ್ಲ. ನನಗೆ ನಿಜಕ್ಕೂ ರೋಮಾಂಚನವಾಯಿತು. ಪಕ್ಕದಲ್ಲಿ ಕೂತ ಮೇಸ್ತ್ರಿ ಬೀಡಿ ಹಚ್ಚಲು ಬೆಂಕಿಪೊಟ್ಟಣ ಹುಡುಕುತ್ತಿದ್ದರು.

ಅವತ್ತು ನಂಜುಂಡ ಬಿದ್ದ ಮೇಲೆ ಮೊದಲ ಸಲ ಹಲಗೆ ಹತ್ತುವ ದಿನವಂತೆ. ನನ್ನ ಪುಣ್ಯ.

ಅರ್ಧ ಚೀಲ ಬೆನ್ನಿಗೆ ಬಂತು. ಮಿಕ್ಕ ಹಮಾಲಿಗಳು ನೋಡಿಯೂ ನೋಡದವರಂತೆ ಏನೇನೋ ಮಾಡುತ್ತಿದ್ದರು. ಆದರೆ ಇಬ್ಬರು ಹಲಗೆಯ ಎರಡೂ ಬದಿಗೆ ಬಂದು ನಿಂತಿದ್ದರು. ಲಾರಿಯ ಮಲಯಾಳಿ ಡ್ರೈವರ್ "ವೇಗಂ, ವೇಗಂ" ಎಂದು ಹಾರ್ನ್ ಒತ್ತಿದ. ಮೇಸ್ತ್ರಿ ಅವನತ್ತ ಒಮ್ಮೆ ತಿರುಗಿ ನೋಡಿದರು. ಹಾರ್ನ್ ನಿಂತಿತು.

ಒಂದು ಹೆಜ್ಜೆ. ಎರಡು.

"ನಂಜುಂಡ, ನಿನ್ ಮಗ್ಳು ಎಷ್ಟ್ನೇ ಕ್ಲಾಸ್ಲಾ?"

"ಏಳ್ನೇ ಕ್ಲಾಸು ಕಣಣ್ಣ."

ಸಲೀಸಾಗಿ ಬಂತು ಉತ್ತರ. ಮೂರು, ನಾಲ್ಕು, ಐದು. ಹಲಗೆಯ ನಡುಭಾಗ ದಾಟಿತು.

"ಇಸ್ಕೂಲ್ಗೆ ನಡ್ಕಂಡ್ ಓಯ್ತದೋ, ಬಸ್ಸೋ?"

ಉತ್ತರವಿಲ್ಲ. ನಂಜುಂಡ ಇನ್ನೊಂದು ಹೆಜ್ಜೆ ಇಟ್ಟ. ಲಾರಿಗೆ ಮೂರೇ ಹೆಜ್ಜೆ ಬಾಕಿ. ಒಳಗೊಳಗೇ ನಾನು 'ಹೇಳಪ್ಪಾ, ಏನಾದರೂ ಹೇಳು' ಎನ್ನುತ್ತಿದ್ದೆ.

"ಇಳಿಸ್ಕಳ್ರಲಾ" ಎಂದರು ಮೇಸ್ತ್ರಿ.

ಬದಿಯಲ್ಲಿದ್ದ ಇಬ್ಬರು ಕೈಚಾಚಿ ಚೀಲ ತೆಗೆದುಕೊಂಡರು. ನಂಜುಂಡ ಬರಿಗೈಯಲ್ಲಿ ಹಲಗೆಯ ಮೇಲೆ ನಿಂತಿದ್ದ. "ಇನ್ ಮೂರೇ ಎಜ್ಜೆ ಇತ್ತಲ್ಲಣ್ಣ" ಎಂದ.

"ಆರ್ ಎಜ್ಜೆ ಅತ್ತಿದೀಯ. ಓದ್ ವಾರ ಒಂದೂ ಅತ್ತಿರ್ಲಿಲ್ಲ. ಸೋಮ್ವಾರ ನೋಡನ ಬುಡು. ಬಾ, ಟೀ ಕುಡಿಯನ."

ಅಷ್ಟೇ. ಅಯ್ಯೋ ಪಾಪ ಎನ್ನುವವರಿಲ್ಲ, ಭೇಷ್ ಎನ್ನುವವರೂ ಇಲ್ಲ. ಎಲ್ಲರೂ ತಮ್ಮ ತಮ್ಮ ಚೀಲಕ್ಕೆ ವಾಪಸ್ಸಾದರು. ನಾನು ಹೋಗಿ ನಂಜುಂಡನ ಕ್ಷಮೆ ಕೇಳಿದೆ. "ಬುಡಿ ಸಾ" ಎಂದು ಅವನು ಟೀ ಹೀರಿದ. ಮಗಳು ಬಸ್ಸಿನಲ್ಲಿ ಹೋಗುತ್ತಾಳೆ ಎಂದು ಮೇಸ್ತ್ರಿಗೆ ಆಗ ಉತ್ತರ ಕೊಟ್ಟ.

ಬಸ್ಸಿನಲ್ಲಿ ನಾನಿರುವ ಚಾಮರಾಜನಗರಕ್ಕೆ ವಾಪಸ್ಸು ಬರುವಾಗ ಯೋಚಿಸಿದೆ. ಗಾಯವಾದವರಿಗೆ ನಮ್ಮ ಆಫೀಸುಗಳಲ್ಲಿ ಇರುವುದು ಎರಡೇ ಜಾಗ. ಒಂದು ಮೆಡಿಕಲ್ ರಜೆ. ಇನ್ನೊಂದು ಪೂರ್ತಿ ಕೆಲಸ. ನಡುವೆ ಒಂದು ಹಲಗೆಯಿಲ್ಲ, ಕೆಂಪು ದಾರದ ಗೆರೆಯಿಲ್ಲ. ಡಾಕ್ಟರು 'ಫಿಟ್' ಎಂದು ಬರೆದ ಮರುದಿನವೇ ಆ ಮನುಷ್ಯ ಮೊದಲಿನಷ್ಟೇ ಗಟ್ಟಿ ಎಂದು ನಂಬಿಬಿಡುತ್ತೇವೆ. ಸರ್ಟಿಫಿಕೇಟನ್ನು ಫೈಲಿಗೆ ಸೇರಿಸಿದರೆ ನಮ್ಮ ಜವಾಬ್ದಾರಿ ಮುಗಿಯಿತು.

ನಮ್ಮ ಆಫೀಸಿನ ಅಟೆಂಡರ್ ರತ್ನಮ್ಮ ನೆನಪಾದರು. ಆಫೀಸಿನ ಅಂಗಳದಲ್ಲೇ ಬಿದ್ದು ಕಾಲು ಮುರಿದುಕೊಂಡಿದ್ದರು. ಡ್ಯೂಟಿಗೆ ವಾಪಸ್ಸಾಗಿ ಐದು ತಿಂಗಳಾಯಿತು. ಜಾಯಿನಿಂಗ್ ರಿಪೋರ್ಟಿಗೆ ಸಹಿ ಹಾಕಿದವನು ನಾನೇ. ದಿನಾ "ಹೇಗಿದೆ ಕಾಲು?" ಎಂದು ವಿಚಾರಿಸುತ್ತೇನೆ. "ಚೆನ್ನಾಗದೆ ಸಾರ್" ಎನ್ನುತ್ತಾರೆ. ವಿಚಾರಿಸಿದೆನಲ್ಲ ಎಂಬ ಸಮಾಧಾನ ನನಗೆ.

ಮರುದಿನ ಶುಕ್ರವಾರ ರತ್ನಮ್ಮ ಎಂದಿನಂತೆ ಫೈಲುಗಳ ಕಟ್ಟು ಎತ್ತಿಕೊಂಡು ಮಹಡಿಯ ರೆಕಾರ್ಡ್ ರೂಮಿಗೆ ಹೊರಟರು. ನಾನು ಹಿಂದೆಯೇ ಎದ್ದು ಹೋದೆ. ನಾಲ್ಕು ಮೆಟ್ಟಿಲು ಹತ್ತಿದ್ದರು.

"ರತ್ನಮ್ಮ, ಬೆಳಿಗ್ಗೆ ಏನು ತಿಂಡಿ ಮಾಡಿದ್ರಿ?" ಎಂದೆ.

ಅವರು ತಿರುಗಲಿಲ್ಲ. ಐದು. ಆರು. ಒಂದು ಕೈ ಗೋಡೆಗೆ ಹೋಯಿತು. ಏಳು. ಕಿವಿಗೆ ಕೇಳಿಸಲಿಲ್ಲವೇನೋ ಎಂದು ನಂಬಲು ನನಗೆ ಬಹಳ ಆಸೆಯಿತ್ತು. ಹದಿನಾಲ್ಕನೆಯ ಮೆಟ್ಟಿಲು ಮುಗಿದು, ಫೈಲುಗಳನ್ನು ಕಟ್ಟೆಯ ಮೇಲೆ ಇಟ್ಟು, ಸೆರಗಿನಲ್ಲಿ ಮುಖ ಒರೆಸಿಕೊಂಡ ಮೇಲೆ ಅವರು ಬಗ್ಗಿ ನೋಡಿದರು.

"ಉಪ್ಪಿಟ್ಟು ಸಾರ್."

ಐದು ತಿಂಗಳು ದಿನಕ್ಕೆ ನಾಲ್ಕು ಸಲ ಆ ಮೆಟ್ಟಿಲು ಹತ್ತಿಸಿದವನು ನಾನು. ಇನ್ನು ಯಾವ ಬಾಯಿಂದ ಅವರ ಕಾಲು ವಿಚಾರಿಸಲಿ?